ಸೌಡಕ್ಕನ ಕ್ಯಾಮೆರಾ ಪೆಟ್ಟಿಗೆಯ ಮೇಲಿನ ಎರಡು ಸಾಲು

2024ರ ಫೆಬ್ರವರಿ ತಿಂಗಳ ಮೂರನೇ ಗುರುವಾರ, ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷಕ್ಕೆ, ಕೊಯಮತ್ತೂರಿನ ಗಣಪತಿ ಬಡಾವಣೆಯಲ್ಲಿರುವ ನಮ್ಮ ಸರ್ವೀಸ್ ಅಂಗಡಿಯ ಮೇಜಿನ ಮೇಲೆ ಹಳೆಯ ವೆಬ್‌ಕ್ಯಾಮ್ ಒಂದು ಚಿತ್ರ ಕೊಟ್ಟಿತು. ಅದನ್ನು ತಯಾರಿಸಿದ ಕಂಪನಿ ಮುಚ್ಚಿ ಎಷ್ಟೋ ವರ್ಷಗಳಾಗಿದ್ದವು. ಎದುರಿಗಿದ್ದದ್ದು ವಿಂಡೋಸ್ 11ರ ಕಾಲದ ಕಂಪ್ಯೂಟರ್. ಪರದೆಯ ಮೇಲೆ ಕಂಡದ್ದು ನನ್ನ ಪಾಲುದಾರ ಮುರುಗೇಶನ್ ಅವರ ಊಟದ ಟವೆಲ್ಲಿನ ಎಳೆಗಳು, ಒಂದೊಂದೂ ಬೆರಳಿನಷ್ಟು ದಪ್ಪ.

ನಾನು ದಾವಣಗೆರೆಯವಳು. ಕೊಯಮತ್ತೂರಿಗೆ ಬಂದು ಆಗ ಹದಿನಾಲ್ಕು ವರ್ಷ. ಮೊದಲ ಆರು ವರ್ಷ ದಿನಪತ್ರಿಕೆಯೊಂದರ ಮುದ್ರಣ ಘಟಕದಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದೆ. ಆಮೇಲೆ ಮುರುಗೇಶನ್ ಜೊತೆ ಸೇರಿ ಗಣಪತಿಯಲ್ಲಿ ಅಂಗಡಿ ತೆರೆದೆ. ಸುತ್ತಮುತ್ತಲಿನ ಪಂಪ್ ಮತ್ತು ಮೋಟಾರ್ ವರ್ಕ್‌ಶಾಪ್‌ಗಳಲ್ಲಿ ಪರೀಕ್ಷೆಗೆ ಬಳಸುವ ಕಂಪ್ಯೂಟರುಗಳ ರಿಪೇರಿ ನಮ್ಮ ಮುಖ್ಯ ಕೆಲಸ. ಬೆಸುಗೆ ಅವರದು, ಸಾಫ್ಟ್‌ವೇರ್ ನನ್ನದು. ನಮ್ಮಿಬ್ಬರ ಮಾತುಕತೆ ತಮಿಳಿನಲ್ಲಿ. ಇಲ್ಲಿ ಅದನ್ನು ಹೆಚ್ಚಾಗಿ ಕನ್ನಡದಲ್ಲೇ ಬರೆದಿದ್ದೇನೆ. ಹದಿನಾಲ್ಕು ವರ್ಷದಲ್ಲಿ ನಾನು ತಮಿಳು ಮಾತಾಡಲು ಕಲಿತೆ, ಓದಲು ಕಲಿತಿರಲಿಲ್ಲ. ಬಸ್ಸನ್ನು ನಂಬರ್ ನೋಡಿ ಹತ್ತುತ್ತಿದ್ದೆ.

ಪತ್ರಿಕೆಯ ಕಟ್ಟಡದಲ್ಲಿ ಕಲಿತ ಒಂದು ಅಭ್ಯಾಸ ಉಳಿದುಕೊಂಡಿದೆ. ಪ್ರತಿ ಕೆಲಸಕ್ಕೂ ಒಂದು ಜಾಬ್ ಕಾರ್ಡ್. ಅದರಲ್ಲಿ ಎರಡು ಕಾಲಂ: ಕಂಡದ್ದು ಎಡಕ್ಕೆ, ಊಹಿಸಿದ್ದು ಬಲಕ್ಕೆ. ಮುಂದಿನ ವಿವರಗಳೆಲ್ಲ ಆ ವಾರದ ಕಾರ್ಡಿನಿಂದ ತೆಗೆದವು.

ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಫೋನ್ ಬಂತು. ಕರೆ ಮಾಡಿದವರು ನಂಜಪ್ಪ, ಉಡುಮಲೈಪೇಟೆಯ ಹತ್ತಿರ ಕೈಮಗ್ಗದ ರೇಷ್ಮೆ ಸೀರೆ ನೇಯಿಸುವ ಘಟಕವೊಂದರ ಮಾಲೀಕರು. ಗಣಪತಿಯ ಪಂಪ್ ವರ್ಕ್‌ಶಾಪಿನಲ್ಲಿರುವ ಅವರ ನೆಂಟರೊಬ್ಬರು ನನ್ನ ನಂಬರ್ ಕೊಟ್ಟಿದ್ದರು.

"ಮೇಡಂ, ನೀವು ಕನ್ನಡದವರಂತೆ, ಹೌದಾ? ನಾವೂ ಕನ್ನಡವೇ. ಆದ್ರೆ ನಮ್ಮ ಕನ್ನಡ ಕೇಳಿ ಸಿರಿಕ್ಕಬೇಡಿ" ಎಂದರು. ನಗಬೇಡಿ ಎಂಬುದಕ್ಕೆ ಅವರಾಡಿದ್ದು ತಮಿಳು ಸೇರಿದ ಮಾತು. ನೇಕಾರಿಕೆಯ ಆ ಕುಟುಂಬಗಳು ತಲೆಮಾರುಗಳಿಂದ ಅಲ್ಲೇ ನೆಲೆಸಿವೆ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು.

ಸಮಸ್ಯೆ ಹೀಗಿತ್ತು. ವಿಂಡೋಸ್ ಎಕ್ಸ್‌ಪಿ ಇದ್ದ ಹಳೆಯ ಕಂಪ್ಯೂಟರ್ ಒಂದು ತಿಂಗಳ ಹಿಂದೆ ಮದರ್‌ಬೋರ್ಡ್ ಸುಟ್ಟು ನಿಂತಿತ್ತು. ಅದರ ಜಾಗಕ್ಕೆ ಹೊಸದು ಬಂದಿತ್ತು. ಆದರೆ ಹಳೆಯದಕ್ಕೆ ಜೋಡಿಸಿದ್ದ ಕ್ಯಾಮೆರಾ ಹೊಸದರಲ್ಲಿ ನಡೆಯುತ್ತಿರಲಿಲ್ಲ. "ಕ್ಯಾಮೆರಾ ನಡೀಲಿಲ್ಲ ಅಂದ್ರೆ ನಮ್ಮ ಅಕ್ಕಂಗೆ ಕೆಲಸ ಇಲ್ಲ ಮೇಡಂ" ಎಂದರು ನಂಜಪ್ಪ.

ಹೊಸ ವೆಬ್‌ಕ್ಯಾಮ್ ಒಂದನ್ನು ಚೀಲಕ್ಕೆ ಹಾಕಿಕೊಂಡು ಮಂಗಳವಾರ ಬಸ್ ಹತ್ತಿದೆ. ಹತ್ತು ನಿಮಿಷದ ಕೆಲಸ ಎಂದು ಬಲಗಡೆಯ ಕಾಲಂನಲ್ಲಿ ಬರೆದಿದ್ದೆ.

ಅಕ್ಕ ಎಂದರೆ ಸೌಡಾಂಬಿಕೆ, ಎಲ್ಲರ ಬಾಯಲ್ಲಿ ಸೌಡಕ್ಕ. ನಂಜಪ್ಪನವರ ದೊಡ್ಡಪ್ಪನ ಮಗಳು, ಅರವತ್ನಾಲ್ಕು ವರ್ಷ. ಮಗ್ಗಗಳ ಸಾಲು ಮುಗಿಯುವಲ್ಲಿ, ಕಿಟಕಿಯ ಪಕ್ಕದ ಮೇಜಿನ ಹಿಂದೆ ಕೂತಿದ್ದರು. ನಾನು ಎದುರಿಗೆ ಹೋಗಿ ನಿಂತೆ.

"ಯಾರ್ ಅಮ್ಮಿಣಿ ನೀನು? ಎದುರ್ಗೆ ನಿಲ್ಬೇಡ. ಎದುರ್ಗೆ ನಿಂತ್ರೆ ನಿನ್ಗೆ ಮೂತಿನೇ ಇರೋದಿಲ್ಲ. ಸೈಡ್ಗೆ ಬಾ, ಆಗ ಪೂರಾ ತೆರೀತೀಯ."

ಅಮ್ಮಿಣಿ ಎನ್ನುವುದು ಆ ಕಡೆ ಹೆಣ್ಣುಮಕ್ಕಳನ್ನು ಅಕ್ಕರೆಯಿಂದ ಕರೆಯುವ ರೀತಿ. ತೆರೀತೀಯ ಎಂದರೆ ಕಾಣುತ್ತೀಯ. ಅವರ ಎರಡೂ ಕಣ್ಣುಗಳಲ್ಲಿ ದೃಷ್ಟಿಯ ನಡುಭಾಗ ಹೋಗಿತ್ತು. ಅಕ್ಷಿಪಟಲದ ಮಧ್ಯದ ಮ್ಯಾಕ್ಯುಲಾ ಎಂಬ ಚುಕ್ಕೆ ಸವೆದರೆ ನೇರ ನೋಡಿದ್ದು ಕಾಣುವುದಿಲ್ಲ, ಅಂಚಿನಲ್ಲಿರುವುದು ಕಾಣುತ್ತದೆ. ಸೌಡಕ್ಕ ಮೂಗನ್ನು ಕಿಟಕಿಯ ಕಡೆಗೆ ತಿರುಗಿಸಿ ನನ್ನನ್ನು ನೋಡಿದರು.

ಅವರ ಕೆಲಸ ಸೀರೆ ಓದುವುದು. ಸೀರೆಯ ಅಂಚಿನ ಹೂಬಳ್ಳಿಯನ್ನು ಮಗ್ಗದ ಮೇಲೆ ಮೂಡಿಸುವುದು ಜಕಾರ್ಡ್ ಎಂಬ ಯಂತ್ರ. ಯಾವ ಎಳೆ ಮೇಲೇಳಬೇಕು, ಯಾವುದು ಕೆಳಗೇ ಇರಬೇಕು ಎಂಬುದನ್ನು ಅದಕ್ಕೆ ತಿಳಿಸುವುದು ತೂತು ಕೊರೆದ ಕಾರ್ಡುಗಳು. ಕಾರ್ಡು ಕೊರೆಯಲು ಮೊದಲು ಗ್ರಾಫ್ ಹಾಳೆ ಬೇಕು. ಉದ್ದಕ್ಕೆ ಹೋಗುವ ಒಂದು ಹಾಸಿನೆಳೆಯ ಮೇಲೆ ಅಡ್ಡಕ್ಕೆ ಬರುವ ಒಂದು ಹೊಕ್ಕಿನೆಳೆ ಹಾಯುವ ಪ್ರತಿ ಜಾಗಕ್ಕೂ ಒಂದು ಚೌಕ. ಹಳೆಯ ಸೀರೆಯೊಂದರ ಅಂಚನ್ನು ಮತ್ತೆ ನೇಯಬೇಕಾದರೆ ಯಾರಾದರೂ ಅದನ್ನು ಎಳೆ ಎಳೆಯಾಗಿ ಎಣಿಸಿ ಹಾಳೆಗೆ ಇಳಿಸಬೇಕು. ಸೌಡಕ್ಕ ಇದನ್ನು ನಲವತ್ತು ವರ್ಷ ಮಾಡಿದ್ದರು. ಮೊದಲು ಮಸೂರದಲ್ಲಿ. ಕಣ್ಣು ಕೆಟ್ಟ ಮೇಲೆ, ಹನ್ನೆರಡು ವರ್ಷಗಳಿಂದ, ಟೇಬಲ್ ಲ್ಯಾಂಪಿನ ಕಾಲಿಗೆ ಕಪ್ಪು ಇನ್ಸುಲೇಷನ್ ಟೇಪಿನಿಂದ ಸುತ್ತಿ ಕಟ್ಟಿದ ಆ ಕ್ಯಾಮೆರಾದ ಕೆಳಗೆ ಬಟ್ಟೆ ಇಟ್ಟು, ದೊಡ್ಡ ಪರದೆಯನ್ನು ಓರೆಗಣ್ಣಿನಿಂದ ನೋಡುತ್ತ.

ಮೇಜಿನ ಮೇಲೆ ಆವತ್ತು ಮಾವಿನಕಾಯಿ ಬಣ್ಣದ ಹಳೆಯ ಮದುವೆ ಸೀರೆಯೊಂದು ಇತ್ತು. ವ್ಯಾಪಾರಿಯೊಬ್ಬರು ಎರವಲು ಕೊಟ್ಟದ್ದು. ಶನಿವಾರ ಮಧ್ಯಾಹ್ನ ಹನ್ನೆರಡಕ್ಕೆ ವಾಪಸು ಕೊಡಬೇಕಿತ್ತು.

"ಅಷ್ಟರೊಳ್ಗೆ ಅಕ್ಕ ಓದಿ ಕೊಟ್ರೆ ಸರಿ" ಎಂದರು ನಂಜಪ್ಪ. "ಇಲ್ಲಾಂದ್ರೆ ವ್ಯಾಪಾರಿ ಅದನ್ನ ಕೊಯಮತ್ತೂರು ಸ್ಕ್ಯಾನಿಂಗ್‌ನವ್ರಿಗೆ ಕೊಡ್ತಾನೆ. ಇನ್ಮೇಲೆ ಎಲ್ಲಾ ಸೀರೆನೂ ಅವ್ರಿಗೇ ಹೋಗ್ತದೆ. ಆಮೇಲೆ ಈ ಮೇಜು ಯಾತಕ್ಕೆ? ಒಂದು ತಿಂಗಳು ಕಾದ್ನಲ್ಲಾ ಮೇಡಂ, ನಾನೇನ್ ಮಾಡ್ಲಿ?"

"ಮೇಜು ತೊಕ್ಕೊಂಡ್ರೆ ನಾನ್ ಎಲ್ಲಿ ಕೂತ್ಕೊಳ್ಲಿ ಡಾ ನಂಜಾ? ನಿನ್ ತಲೆ ಮೇಲಾ?"

"ಅಲ್ಲಿ ಜಾಗ ಇದೆ ಅಕ್ಕಾ, ಕೂದ್ಲು ಎಲ್ಲಾ ಉದುರಿದೆ."

ಇಬ್ಬರೂ ನಕ್ಕರು. ಸೌಡಕ್ಕ ಮೊದಲು ನಗು ನಿಲ್ಲಿಸಿದರು.

ಹೊಸ ವೆಬ್‌ಕ್ಯಾಮನ್ನು ಲ್ಯಾಂಪಿನ ಕಾಲಿಗೆ ಕಟ್ಟಿದೆ. ಒಂದೂವರೆ ಗಂಟೆ ಪ್ರಯತ್ನಿಸಿದೆ. ಕಂಡದ್ದು ಇಷ್ಟು. ಹೊಸ ಕ್ಯಾಮೆರಾ ತಾನಾಗಿಯೇ ಫೋಕಸ್ ಹುಡುಕುತ್ತದೆ; ಒಂದೇ ತರಹದ ಎಳೆಗಳು ಒತ್ತಾಗಿರುವ ಬಟ್ಟೆಯ ಮೇಲೆ ಅದಕ್ಕೆ ನೆಲೆ ಸಿಗಲಿಲ್ಲ, ಒಳಗೆ ಹೊರಗೆ ಓಡಾಡುತ್ತಲೇ ಇತ್ತು. ಜರಿ ಹೊಳೆದಾಗಲೆಲ್ಲ ಬೆಳಕು ತಗ್ಗಿಸಿ ಇಡೀ ಚಿತ್ರ ಕಪ್ಪಾಗಿಸಿತು. ಎರಡು ಸೆಂಟಿಮೀಟರ್ ಹತ್ತಿರ ತಂದರೆ ಬರೀ ಮಂಜು. ನನ್ನ ಮೊಬೈಲ್ ಫೋನನ್ನೂ ಇಟ್ಟು ನೋಡಿದೆ, ಅದೇ ಕಥೆ.

"ಇದೇನ್ ಅಮ್ಮಿಣಿ, ಒಂದ್ಸಲ ತೆರೀತದೆ, ಒಂದ್ಸಲ ಮರೆ ಆಗ್ತದೆ. ಮಾವ ಬಂದ್ರೆ ಸೆರಗು ಎಳ್ಕೊಳ್ಳೋ ಹೊಸ ಸೊಸೆ ಮಾದಿರಿ ಆಡ್ತದೆ. ನನ್ ಹಳೇ ಕ್ಯಾಮೆರಾ ಮುದುಕಿ, ಅದ್ಕೆ ನಾಚ್ಕೆ ಇಲ್ಲ."

ಹಳೆಯದರ ಗುಣ ಆಗ ಅರ್ಥವಾಯಿತು. ಅದರ ಲೆನ್ಸಿನ ಸುತ್ತ ಕೈಯಿಂದ ತಿರುಗಿಸುವ ಬಳೆ ಇತ್ತು. ಒಮ್ಮೆ ತಿರುಗಿಸಿ ಬಿಟ್ಟರೆ ಅಲ್ಲೇ ನಿಲ್ಲುತ್ತಿತ್ತು. ಸ್ವಂತ ಬುದ್ಧಿ ಇಲ್ಲದ ಯಂತ್ರ, ಅವರಿಗೆ ಬೇಕಾದದ್ದೂ ಅದೇ.

ವಿಂಡೋಸ್ 11ರಲ್ಲಿ ಅದು ಯಾಕೆ ನಡೆಯದು ಎಂಬುದು ಸರಳ. ಪ್ರತಿ ಸಾಧನದೊಂದಿಗೆ ಮಾತಾಡಲು ಕಂಪ್ಯೂಟರಿಗೆ ಡ್ರೈವರ್ ಎಂಬ ಸಣ್ಣ ಪ್ರೋಗ್ರಾಂ ಬೇಕು, ಒಂದು ತರಹದ ದುಭಾಷಿ. ಈ ಕ್ಯಾಮೆರಾದ ಡ್ರೈವರನ್ನು ಬರೆದದ್ದು 32 ಬಿಟ್ ಕಾಲದಲ್ಲಿ. 64 ಬಿಟ್ ವಿಂಡೋಸ್ ಅದನ್ನು ಒಳಗೆ ಬಿಡುವುದಿಲ್ಲ. ಹೊಸ ಡ್ರೈವರ್ ಬರೆಯಬೇಕಾದ ಕಂಪನಿಯೇ ಇಲ್ಲ. ಕ್ಯಾಮೆರಾದ ಜೊತೆ ಬಂದಿದ್ದ ಸಿ.ಡಿ. ಎರಡು ಹೋಳಾಗಿತ್ತು.

"ಇದನ್ನ ಶುರು ಮಾಡೋವಾಗ ಏನಾದ್ರೂ ಮಾಡ್ತಿದ್ರಾ ಅಕ್ಕಾ?" ಎಂದು ಕೇಳಿದೆ.

"ಏನೂ ಇಲ್ಲ. ಕಂಪ್ಯೂಟರ್ ಹಾಕಿದ್ರೆ ಅದಾಗೇ ಬರ್ತಿತ್ತು."

ಅದನ್ನು ಎಡಗಡೆಯ ಕಾಲಂನಲ್ಲಿ ಬರೆದುಕೊಂಡೆ. ಲ್ಯಾಂಪಿನಿಂದ ಬಿಚ್ಚಿದ ಕ್ಯಾಮೆರಾವನ್ನು, ಮೈಗೆ ಸುತ್ತಿದ ಟೇಪಿನ ಸಮೇತ, ಅದರದೇ ಹಳೆಯ ರಟ್ಟಿನ ಪೆಟ್ಟಿಗೆಗೆ ಹಾಕಿಕೊಟ್ಟರು. ಮುಚ್ಚಳದ ಮೇಲೆ ಬಾಲ್‌ಪೆನ್ನಿನಲ್ಲಿ ಸಾಸಿವೆ ಕಾಳಿನಷ್ಟು ಸಣ್ಣ ಅಕ್ಷರದ ಎರಡು ಸಾಲುಗಳಿದ್ದವು. "ತಮಿಳು ಬರಹ, ಎರಡು ಸಾಲು" ಎಂದು ಅದನ್ನೂ ಎಡಗಡೆಗೇ ಬರೆದೆ. ಆ ವಾರದ ತಪ್ಪು ಅದು.

ಬುಧವಾರ ಬೆಳಿಗ್ಗೆ ಅಂಗಡಿಯಲ್ಲಿ ಕೆಲಸ ಶುರುವಾಯಿತು. ನಾನು ಹಿಡಿದ ದಾರಿ ಲಿನಕ್ಸ್. ವಿಂಡೋಸ್ ಬಿಟ್ಟುಹಾಕಿದ ನೂರಾರು ಹಳೆಯ ಕ್ಯಾಮೆರಾಗಳ ಡ್ರೈವರುಗಳನ್ನು ಲಿನಕ್ಸ್ ಇಂದಿಗೂ ತನ್ನೊಳಗೇ ಇಟ್ಟುಕೊಂಡಿದೆ. ಪೆನ್ ಡ್ರೈವಿಗೆ ಲಿನಕ್ಸ್ ಹಾಕಿ, ನಂಜಪ್ಪನವರ ಹೊಸ ಕಂಪ್ಯೂಟರಿನಂಥದೇ ಒಂದನ್ನು ಅದರಿಂದ ಶುರು ಮಾಡಿ, ಕ್ಯಾಮೆರಾ ಜೋಡಿಸಿದೆ. ಕ್ಯಾಮೆರಾದ ದೀಪ ಹತ್ತಿತು. ಚಿತ್ರ ಬರಲಿಲ್ಲ.

ಯುಎಸ್‌ಬಿ ಸಾಧನಗಳು ಜೋಡಣೆಯಾದ ಕೂಡಲೇ ಕಂಪ್ಯೂಟರಿಗೆ ತಮ್ಮ ಗುರುತಿನ ಸಂಖ್ಯೆ ಹೇಳುತ್ತವೆ. ಅದನ್ನು ಲಿನಕ್ಸ್‌ನ ಪಟ್ಟಿಯೊಂದಿಗೆ ಹೋಲಿಸಿದೆ. ಪಟ್ಟಿಯಲ್ಲಿದ್ದ ವೆಬ್‌ಕ್ಯಾಮಿನ ಸಂಖ್ಯೆ 5ರಿಂದ ಮುಗಿಯುತ್ತಿತ್ತು, ನಮ್ಮದು 4ರಿಂದ. ಉಳಿದ ಅಂಕೆಗಳೆಲ್ಲ ಒಂದೇ. ಸಂಜೆಯ ಹೊತ್ತಿಗೆ ಕಾರಣ ತಿಳಿಯಿತು: ಅದು ಎರಡು ವೇಷದ ಕ್ಯಾಮೆರಾ. ಒಂದು ವೇಷದಲ್ಲಿ ಫೋಟೊ ತೆಗೆದು ತನ್ನೊಳಗೆ ಇಟ್ಟುಕೊಳ್ಳುವ ಸಾಮಾನ್ಯ ಕ್ಯಾಮೆರಾ, ಆಗ 4. ಇನ್ನೊಂದರಲ್ಲಿ ವೆಬ್‌ಕ್ಯಾಮ್, ಆಗ 5. ನಮಗೆ ಸಿಕ್ಕಿದ್ದು ಮೊದಲನೆಯದು. ವೇಷ ಬದಲಿಸುವುದು ಹೇಗೆ ಎಂದು ಎಲ್ಲೂ ಬರೆದಿರಲಿಲ್ಲ.

ಪೆಟ್ಟಿಗೆಯನ್ನು ಮುರುಗೇಶನ್ ಕೈಗೆ ಕೊಟ್ಟು, "ಇದರಲ್ಲಿ ಏನಾದರೂ ಇದೆಯಾ ನೋಡಿ" ಎಂದೆ. ಅವರು ಕನ್ನಡಕ ಏರಿಸಿ ಒಂದು ಕ್ಷಣ ನೋಡಿದರು.

"ಅಕ್ಷರ ನಮ್ಮದು ಮೇಡಂ, ಮಾತು ನಮ್ಮದಲ್ಲ. ನೂಲಿನ ಅಂಗಡಿಯವರ ಕೋಡ್ ಇರಬೇಕು."

ಪೆಟ್ಟಿಗೆ ಮೇಜಿನ ಮೂಲೆಗೆ ಹೋಯಿತು. ತಮಿಳು ಅಕ್ಷರ, ಆದ್ದರಿಂದ ನನಗಲ್ಲ ಎಂದು ನಾನು. ತಮಿಳು ಮಾತಲ್ಲ, ಆದ್ದರಿಂದ ತಮಗಲ್ಲ ಎಂದು ಅವರು. ಬುಧವಾರದ ಉಳಿದ ಸಂಜೆಯೂ ಗುರುವಾರದ ಅರ್ಧ ದಿನವೂ ಅದು ನಮ್ಮಿಬ್ಬರ ನಡುವೆ ಹಾಗೇ ಬಿದ್ದಿತ್ತು.

ಗುರುವಾರ ಬೆಳಿಗ್ಗೆ ವರ್ಚುವಲ್ ಮೆಷಿನ್ ಪ್ರಯತ್ನಿಸಿದೆ, ಅಂದರೆ ಹೊಸ ಕಂಪ್ಯೂಟರಿನೊಳಗೆ ಹಳೆಯ ಕಂಪ್ಯೂಟರಿನ ನಟನೆ. ಡ್ರೈವರ್ ಸಿ.ಡಿ. ಇಲ್ಲದೆ ಅದೂ ನಿಂತಿತು. ಮುರುಗೇಶನ್ ಕ್ಯಾಮೆರಾದ ಹೊಟ್ಟೆ ಬಗೆದು ನೋಡೋಣ ಎಂದರು. ಒಳಗಿನ ಒಂದು ತಂತಿ ಕಡಿದರೂ ಸೌಡಕ್ಕನ ಮೇಜು ಹೋಯಿತು. ಊಟದ ನಂತರ ನೋಡೋಣ ಎಂದೆ.

ಒಂದು ಗಂಟೆಗೆ ಊಟದ ಡಬ್ಬಿ ಇಡಲು ಮೇಜು ಖಾಲಿ ಮಾಡುತ್ತಿದ್ದಾಗ ಮುರುಗೇಶನ್ ಪೆಟ್ಟಿಗೆ ಎತ್ತಿಕೊಂಡರು. ತಮಾಷೆಗೆ ಮುಚ್ಚಳವನ್ನು ಗಟ್ಟಿಯಾಗಿ ಓದತೊಡಗಿ, ಮೊದಲ ಪದಕ್ಕೇ ನಿಂತುಬಿಟ್ಟರು.

"ಬೇಡ ಮೇಡಂ. ಹೆಂಗಸರ ಮುಂದೆ ಓದೋ ಮಾತಲ್ಲ ಇದು."

"ಓದಿ ಪರವಾಗಿಲ್ಲ."

ಅವರು ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು. "ಕುಂಡಿ ಒತ್ತಿಕೊಂಡೇ ವಯರು ಸೊರುಗಬೇಕ್ಕು." ಓದಿ ಮುಗಿಸಿ, "ಯಾರದು ಅಂತ ಬರೆದಿಲ್ಲ" ಎಂದು ಸೇರಿಸಿದರು.

ನಾನು ಕೈಯಲ್ಲಿದ್ದ ಡಬ್ಬಿಯನ್ನು ಕೆಳಗಿಟ್ಟೆ. ಕಿವಿಗೆ ಬಿದ್ದದ್ದು ಕನ್ನಡ.

ತಮಿಳು ಲಿಪಿಯಲ್ಲಿ ಕ ಮತ್ತು ಗ ಎರಡಕ್ಕೂ ಒಂದೇ ಅಕ್ಷರ. ಹಾಗೆಯೇ ತ, ದ; ಹಾಗೆಯೇ ಪ, ಬ. ಪದದ ಮೊದಲಲ್ಲಿ ಬಂದರೆ ತಮಿಳರು ಅದನ್ನು ಸಾಮಾನ್ಯವಾಗಿ ಕ, ತ, ಪ ಎಂದೇ ಓದುತ್ತಾರೆ. ಕನ್ನಡ ಓದುಬರಹ ಬಾರದ ಕನ್ನಡದ ಮನೆಯವರು ಕನ್ನಡ ಮಾತನ್ನು ತಮಿಳು ಅಕ್ಷರದಲ್ಲಿ ಬರೆದುಕೊಂಡರೆ ಗುಂಡಿ ಕುಂಡಿಯಾಗುತ್ತದೆ. ಆ ಪದ ತಮಿಳಿನಲ್ಲೂ ಕನ್ನಡದಲ್ಲೂ ಒಂದೇ ಅಂಗದ ಹೆಸರು. ವಯರು ಎಂದರೆ ವೈರು; ಸೊರುಗು ಎಂಬುದು ತಮಿಳಿನಿಂದ ಬಂದದ್ದು, ಚುಚ್ಚು ಎಂದರ್ಥ. ಬರೆದಿದ್ದದ್ದು ಇದು: ಗುಂಡಿ ಒತ್ತಿಕೊಂಡೇ ವಯರು ಚುಚ್ಚಬೇಕು.

ಜಾಬ್ ಕಾರ್ಡ್ ತೆಗೆದು ನೋಡಿದೆ. "ತಮಿಳು ಬರಹ" ಎಂಬುದರಲ್ಲಿ ನಾನು ಕಂಡದ್ದು ಅಕ್ಷರ ಮಾತ್ರ. ಭಾಷೆ ನನ್ನ ಊಹೆ. ಎಡಗಡೆಯಿಂದ ಅದನ್ನು ಹೊಡೆದುಹಾಕಿದೆ.

ಆದರೆ ಕ್ಯಾಮೆರಾದಲ್ಲಿ ಗುಂಡಿ ಎಲ್ಲಿದೆ? ಮುರುಗೇಶನ್ ಮೂರು ಸುತ್ತು ಇನ್ಸುಲೇಷನ್ ಟೇಪ್ ಬಿಡಿಸಿದರು. ಟೇಪಿನ ಅಡಿಯಲ್ಲಿ, ನೆತ್ತಿಯ ಮೇಲೆ, ಬಟಾಣಿಯಷ್ಟು ದೊಡ್ಡ ಬೂದು ಬಣ್ಣದ ಗುಂಡಿ ಇತ್ತು.

ಎರಡನೇ ಸಾಲನ್ನು ಅವರು ಈಗ ಗಂಭೀರವಾಗಿ ಓದಿದರು. "ತೀಪ ಎರಡು ಸಲ ಮಿಣುಕಿದ ಮೇಲೆ ಕೈ ಪಿಡಬೇಕ್ಕು."

ತೀಪ ಎಂದರೆ ದೀಪ, ಅದು ಸುಲಭ. "ಕೈ ಪಿಡಬೇಕ್ಕು?" ಎಂದೆ.

"ಪಿಡಿ ಅಂದ್ರೆ ಹಿಡಿ. ಇದು ಮಾತ್ರ ತಮಿಳೇ ಮೇಡಂ" ಎಂದರು ಅವರು ಖಚಿತವಾಗಿ. ಹಳೆಯ ಕನ್ನಡದಲ್ಲೂ ಹಿಡಿಯುವುದಕ್ಕೆ ಪಿಡಿ ಎನ್ನುವುದುಂಟು. ನಾನೂ ಒಪ್ಪಿದೆ.

ಗುಂಡಿ ಒತ್ತಿ ವಯರು ಚುಚ್ಚಿದೆವು. ದೀಪ ಎರಡು ಸಲ ಮಿಣುಕಿತು. ಹಿಡಿದೇ ಇದ್ದೆವು. ದೀಪ ಆರಿತು. ಸಂಖ್ಯೆ 4. ಮತ್ತೆ ಮಾಡಿದೆವು, ಮತ್ತೆ 4. ಮೂರನೇ ಸಲ ಮುರುಗೇಶನ್ ಎರಡು ನಿಮಿಷ ಉಸಿರು ಬಿಗಿಹಿಡಿದು ಒತ್ತಿದರು. ಹೆಬ್ಬೆರಳು ಬೆಳ್ಳಗಾಯಿತು, ಸಂಖ್ಯೆ ಬದಲಾಗಲಿಲ್ಲ.

ಎರಡು ಗಂಟೆಗೆ ನಂಜಪ್ಪನವರಿಗೆ ಫೋನ್ ಮಾಡಿ ಸೌಡಕ್ಕನಿಗೆ ಕೊಡಲು ಹೇಳಿದೆ.

"ಅಕ್ಕಾ, ಪೆಟ್ಟಿಗೆ ಮೇಲೆ ಬರೆದೋರು ಯಾರು?"

"ನಾನೇ ತಾನೆ. ತಂದ ದಿನ ಅಂಗಡಿಯವನು ಹೇಳ್ತಾ ಹೇಳ್ತಾ ಬರ್ದೆ, ಆಗ ಕಣ್ಣು ಇಷ್ಟು ಕೆಟ್ಟಿರ್ಲಿಲ್ಲ. ಒಂದೇ ಒಂದ್ಸಲ ಮಾಡಿದ್ದು, ಏನ್ ಬರ್ದೆ ಅಂತ್ಲೇ ಮರ್ತೋಯ್ತು. ಈಗ ಓದ್ಬೇಕಂದ್ರೆ ಆ ಕ್ಯಾಮೆರಾನೇ ಬೇಕಲ್ಲ ಅಮ್ಮಿಣಿ, ಅಷ್ಟು ಸಣ್ಣಕ್ಕೆ ಬರ್ದಿದೀನಿ."

"ಕೈ ಪಿಡಬೇಕು ಅಂತ ಇದೆ. ಗುಂಡಿ ಹಿಡ್ಕೊಂಡೇ ಇರ್ಬೇಕಾ?"



"ಯಾರ್ ಓದಿದ್ದು ಅದನ್ನ?"

"ನಮ್ಮ ಮುರುಗೇಶನ್."

"ತಮಿಳ್ನೋರಾ? ಹಂಗಾದ್ರೆ ಸರಿಹೋಯ್ತು! ಅಮ್ಮಿಣಿ, ನಾನು ಬರ್ದದ್ದು ನಮ್ಮ ಭಾಷೇಲಿ. ನಮ್ಮ ಮನೇಲಿ ಹಿಡಿಯೋದಕ್ಕೆ ಹಿಡಿ ಅಂತೀವಿ, ಪಿಡಿ ಅನ್ನೋದು ಅವ್ರು. ಹಿಡೀಬೇಕು ಅಂದ್ರೆ ಹ ಹಾಕಿ ಬರೀತಿದ್ದೆ, ಅದಕ್ಕೊಂದು ಅಕ್ಷರ ಇದೆಯಲ್ಲ. ಅದು ಬಿಡಬೇಕು! ಕೈ ಬಿಡಬೇಕು! ನೀನು ಕನ್ನಡದವಳಾಗಿ ಇದು ತಿಳೀದಾ?"

ಫೋನ್ ಲೌಡ್‌ಸ್ಪೀಕರಿನಲ್ಲಿತ್ತು. ಮುರುಗೇಶನ್‌ಗೆ ಕನ್ನಡ ಬಾರದು, ಆದರೆ ತಮ್ಮ ಹೆಸರಿನ ನಂತರ ಬಂದ ದನಿ ಅರ್ಥವಾಯಿತು. ಹೆಬ್ಬೆರಳನ್ನು ಅಂಗಿಗೆ ಒರೆಸಿಕೊಂಡು ಗುಂಡಿ ಒತ್ತಿದರು. ನಾನು ವಯರು ಚುಚ್ಚಿದೆ. ದೀಪ ಒಂದು ಸಲ ಮಿಣುಕಿತು, ಎರಡು ಸಲ ಮಿಣುಕಿತು.

"ಬಿಡಿ" ಎಂದೆ.

ಬಿಟ್ಟರು. ಪರದೆಯ ಮೇಲಿನ ಗುರುತಿನ ಸಂಖ್ಯೆ ಅಳಿಸಿಹೋಗಿ ಮತ್ತೆ ಮೂಡಿತು. ಕೊನೆಯ ಅಂಕೆ 5. ಲಿನಕ್ಸ್‌ನ ಹಳೆಯ ಡ್ರೈವರ್ ತಾನಾಗಿ ಎದ್ದು ಅದನ್ನು ಕೈಗೆತ್ತಿಕೊಂಡಿತು. ಕ್ಯಾಮೆರಾದ ಕೆಳಗಿದ್ದ ಟವೆಲ್ಲಿನ ನೀಲಿ, ಬಿಳಿ ಎಳೆಗಳು ಪರದೆಯ ತುಂಬ ಹರಡಿದವು. ನಾನು ಲೆನ್ಸಿನ ಬಳೆ ತಿರುಗಿಸಿದೆ. ಎಳೆಯ ಮೇಲಿನ ನವಿರೂ ಕಂಡಿತು. ಮುರುಗೇಶನ್ ಎರಡೂ ಕೈ ಮೇಲೆತ್ತಿ ಕೂಗಿದ ಸದ್ದಿಗೆ ಪಕ್ಕದ ಮೋಟಾರ್ ವೈಂಡಿಂಗ್ ಅಂಗಡಿಯವರು ಶಾಕ್ ಹೊಡೆಯಿತೆಂದು ಓಡಿ ಬಂದರು.

"ಅಮ್ಮಿಣಿ, ಏನಾಯ್ತು? ಯಾರ್ ಕಿರುಚ್ತಿರೋದು?" ಫೋನ್ ಇನ್ನೂ ಕಟ್ ಆಗಿರಲಿಲ್ಲ.

"ತೆರೀತಿದೆ ಅಕ್ಕಾ" ಎಂದೆ.

ಹನ್ನೆರಡು ವರ್ಷ ಗುಂಡಿ ಒತ್ತದೆಯೇ ಕ್ಯಾಮೆರಾ ಹೇಗೆ ನಡೆಯಿತು ಎಂಬುದಕ್ಕೆ ನಮ್ಮ ಬಳಿ ಊಹೆ ಮಾತ್ರ ಇದೆ. ಅದರೊಳಗೆ ಕಂಪ್ಯೂಟರಿನಿಂದ ಚಾರ್ಜ್ ಆಗುವ ಪುಟ್ಟ ಬ್ಯಾಟರಿ ಇದ್ದು, ಕೊನೆಯ ವೇಷವನ್ನು ನೆನಪಿಟ್ಟುಕೊಳ್ಳುತ್ತಿದ್ದಿರಬೇಕು. ಒಂದು ತಿಂಗಳು ಕಂಪ್ಯೂಟರಿನ ನಂಟಿಲ್ಲದೆ ಬಿದ್ದಿದ್ದಾಗ ಅದು ಬರಿದಾಗಿ ನೆನಪು ಹೋಗಿದೆ. ಇದು ಕಾರ್ಡಿನ ಬಲಗಡೆಯಲ್ಲೇ ಇದೆ.

ಶುಕ್ರವಾರ ಬೆಳಿಗ್ಗೆ ಹನ್ನೊಂದಕ್ಕೆ ನಂಜಪ್ಪನವರ ಘಟಕದಲ್ಲಿದ್ದೆ. ಅವರ ಲೆಕ್ಕಪತ್ರದ ಕೆಲಸಕ್ಕೆ ವಿಂಡೋಸ್ ಬೇಕಿತ್ತು, ಆದ್ದರಿಂದ ಅದನ್ನು ಮುಟ್ಟಲಿಲ್ಲ. ಪೆನ್ ಡ್ರೈವ್ ಹಾಕಿ ಶುರು ಮಾಡಿದರೆ ಲಿನಕ್ಸ್, ಕ್ಯಾಮೆರಾ. ತೆಗೆದು ಶುರು ಮಾಡಿದರೆ ವಿಂಡೋಸ್, ಆಫೀಸು. ಕಂಪ್ಯೂಟರಿನ ಹೊಸ ವೇಗದ ಯುಎಸ್‌ಬಿ ಕಿಂಡಿಗಳಲ್ಲಿ ಚಿತ್ರ ಆಗಾಗ ಕಡಿಯುತ್ತಿತ್ತು. ನಡುವೆ ಹಳೆಯ ಯುಎಸ್‌ಬಿ 2 ಹಬ್ ಒಂದನ್ನು ಇಟ್ಟ ಮೇಲೆ ಕಡಿಯುವುದು ನಿಂತಿತು. ಗುಂಡಿ ಒತ್ತಿ ವಯರು ಚುಚ್ಚುವುದನ್ನು ಸೌಡಕ್ಕ ತಾವೇ ಮಾಡಿದರು, ಮೊದಲ ಸಲಕ್ಕೇ ಸರಿಯಾಗಿ.

ಚಿತ್ರ ತಲೆಕೆಳಗಾಗಿ ಬರುತ್ತಿತ್ತು. ಅದನ್ನು ನೆಟ್ಟಗೆ ಮಾಡಿಟ್ಟೆ. ಸೌಡಕ್ಕ ಬಟ್ಟೆಯನ್ನು ಎಡಕ್ಕೆ ಎಳೆದರು, ಬಲಕ್ಕೆ ಎಳೆದರು, ಕೈ ತೆಗೆದು ಕೂತುಬಿಟ್ಟರು.

"ಏನ್ ಮಾಡಿದ್ಯಾ ಅಮ್ಮಿಣಿ? ಎಲ್ಲಾ ಉಲ್ಟಾ ಓಡ್ತಿದೆ."

"ಮೊದಲೇ ಉಲ್ಟಾ ಇತ್ತು ಅಕ್ಕಾ, ಸರಿ ಮಾಡಿದೆ."

"ಹನ್ನೆರಡು ವರ್ಷ ಉಲ್ಟಾ ಓದಿದೀನಿ. ನಿನ್ ಸರಿ ನಂಗ್ ಬೇಡ."

ಮತ್ತೆ ತಲೆಕೆಳಗೆ ಮಾಡಿದೆ. ಓದು ಶುರುವಾಯಿತು, ಹನ್ನೆರಡು ಗಂಟೆಗೆ. ಅವರು ಮೂಗನ್ನು ಕಿಟಕಿಗೆ ತಿರುಗಿಸಿ ಪರದೆಯನ್ನು ಓರೆಗಣ್ಣಿನಿಂದ ನೋಡುತ್ತ ಹೇಳುವುದು, ನಂಜಪ್ಪ ಗ್ರಾಫ್ ಹಾಳೆಯಲ್ಲಿ ಗುರುತು ಹಾಕುವುದು. ಮೂರು ಮೇಲೆ, ಎರಡು ಕೆಳಗೆ, ಒಂದು ಮೇಲೆ, ಏಳು ಕೆಳಗೆ. ಒಂದು ಹೊಕ್ಕಿನ ಸಾಲು ಮುಗಿಯಲು ನಾಲ್ಕೈದು ನಿಮಿಷ. ಅಂಥ ತೊಂಬತ್ತಾರು ಸಾಲು ಓದಿದರೆ ಹೂಬಳ್ಳಿಯ ಒಂದು ಸುತ್ತು.

ಮೊದಲ ಸಾಲಿನ ಕೊನೆಯಲ್ಲೇ ತಕರಾರು ಬಂತು. ಸೌಡಕ್ಕ ಎಣಿಸಿದ್ದು ಇನ್ನೂರ ನಲವತ್ತು ಎಳೆ. ನಂಜಪ್ಪ ಹಿಂದಿನ ದಿನ ಮಸೂರ ಇಟ್ಟು ಎಣಿಸಿ ಇನ್ನೂರ ಮೂವತ್ತೆಂಟು ಎಂದು ಬರೆದಿಟ್ಟಿದ್ದರು. ಮತ್ತೆ ಎಣಿಸಿದರು, ಇನ್ನೂರ ಮೂವತ್ತೆಂಟೇ. ಮಗ್ಗದ ಮೇಲಿದ್ದ ಹಿರಿಯ ನೇಕಾರರೊಬ್ಬರು ಎದ್ದು ಬಂದು ಎಣಿಸಿದರು, ಅದೇ ಲೆಕ್ಕ.

"ಅಕ್ಕಾ, ಕಣ್ಣಿರೋರು ಇಬ್ರು ಎಣಿಸಿದೀವಿ" ಎಂದರು ನಂಜಪ್ಪ ಮೆಲ್ಲಗೆ. ಆ ಕೋಣೆಯಲ್ಲಿ ಆ ಹೊತ್ತು ಯಾವ ಮಗ್ಗವೂ ಆಡುತ್ತಿರಲಿಲ್ಲ.

ಸೌಡಕ್ಕ ಸೀರೆಯ ಅಂಚಿನ ತುದಿಯನ್ನು ಲೆನ್ಸಿನ ಕೆಳಗೆ ತಂದು, ಲ್ಯಾಂಪಿನ ಕಾಲು ತಗ್ಗಿಸಿ, ಬಳೆಯನ್ನು ಎರಡು ಬೆರಳಲ್ಲಿ ಕೂದಲೆಳೆಯಷ್ಟು ತಿರುಗಿಸಿದರು. ಜರಿಯ ಮಗ್ಗುಲಲ್ಲಿದ್ದ ಕೊನೆಯ ಎಳೆ ದಪ್ಪವಾಯಿತು, ಇನ್ನೂ ದಪ್ಪವಾಯಿತು, ನಡುವೆ ಕಪ್ಪು ಗೆರೆಯೊಂದು ಮೂಡಿತು. ಒಂದಲ್ಲ, ಎರಡು ಎಳೆ, ಒಂದಕ್ಕೊಂದು ಅಂಟಿಕೊಂಡು ಮಲಗಿದ್ದವು. ಬಟ್ಟೆ ಎಳೆದು ಇನ್ನೊಂದು ತುದಿ ತೋರಿಸಿದರು. ಅಲ್ಲೂ ಎರಡು.

"ಜೋಡಿ ಎಳೆ" ಎಂದರು ಆ ನೇಕಾರರು. "ಅಂಚು ಗಟ್ಟಿ ಇರ್ಲಿ ಅಂತ ಹಳಬರು ಹಾಕ್ತಿದ್ರು."

"ಮಸೂರದಲ್ಲಿ ಒಂದೇ ತೆರೀತಿತ್ತಲ್ಲಾ ಅಕ್ಕಾ!"

"ನಿನ್ಗೆ ಕಣ್ಣಿದೆ ನಂಜಾ, ಅದ್ಕೇ ಒಂದೇ ತೆರೀತದೆ. ಬರ್ಕೋ. ಇನ್ನೂರ ನಲವತ್ತು."

ನಂಜಪ್ಪ ಬರೆದುಕೊಂಡರು. ಇನ್ನೂರ ಮೂವತ್ತೆಂಟರ ಲೆಕ್ಕದಲ್ಲಿ ಕಾರ್ಡು ಕೊರೆದಿದ್ದರೆ ಹೂಬಳ್ಳಿ ಪ್ರತಿ ಸಾಲಿನಲ್ಲೂ ಎರಡು ಎಳೆ ಜಾರುತ್ತಿತ್ತು ಎಂದು ಆಮೇಲೆ ನನಗೆ ವಿವರಿಸಿದವರೂ ಅವರೇ.

ಶುಕ್ರವಾರ ಸಂಜೆ ಐದರವರೆಗೆ ಅರವತ್ತಮೂರು ಸಾಲು ಮುಗಿದವು. ಶನಿವಾರ ಬೆಳಿಗ್ಗೆ ಎಂಟಕ್ಕೆ ಮತ್ತೆ ಕೂತರು. ತೊಂಬತ್ತಾರನೆಯ ಸಾಲಿನ ಕೊನೆಯ ಚೌಕ ತುಂಬಿದಾಗ ಗಂಟೆ ಹತ್ತು ನಲವತ್ತು. ಇದನ್ನು ನಂಜಪ್ಪ ಫೋನಿನಲ್ಲಿ ತಿಳಿಸಿದರು. ಹನ್ನೆರಡಕ್ಕೆ ವ್ಯಾಪಾರಿ ಬಂದು ಸೀರೆ ತೆಗೆದುಕೊಂಡು, ಗ್ರಾಫ್ ನೋಡಿ, ಮುಂದಿನ ವಾರ ಇನ್ನೂ ಎರಡು ಹಳೆಯ ಸೀರೆ ಕಳಿಸುವುದಾಗಿ ಹೇಳಿ ಹೋದರಂತೆ. ಹಿಂದಿನಿಂದ ಸೌಡಕ್ಕನ ದನಿ ಕೇಳುತ್ತಿತ್ತು.

"ಏನಂತಾರೆ?" ಎಂದೆ.

"ನಾನು 'ಅಕ್ಕಾ, ಮೇಜು ಇಲ್ಲೇ ಇರ್ಲಿ' ಅಂದೆ ಮೇಡಂ. ಅದಕ್ಕೆ, 'ಮೇಜು ಬೇಕಾದ್ರೆ ತೊಕ್ಕೊಂಡ್ ಹೋಗು ಡಾ, ನಾನ್ ಇಲ್ಲೇ ಇರ್ತೀನಿ' ಅಂತಿದಾಳೆ."

ಆ ಕೆಲಸದ ನಂತರ ನಮ್ಮ ಜಾಬ್ ಕಾರ್ಡಿನಲ್ಲಿ ಒಂದು ಸಾಲು ಹೊಸದಾಗಿ ಸೇರಿತು. ಸಾಧನದ ಮೇಲಾಗಲಿ ಪೆಟ್ಟಿಗೆಯ ಮೇಲಾಗಲಿ ಕೈಬರಹ ಇದ್ದರೆ ಲಿಪಿ ಯಾವುದು, ಭಾಷೆ ಯಾವುದು ಎಂದು ಬೇರೆ ಬೇರೆಯಾಗಿ ಬರೆಯಬೇಕು. ಬರೆದವರು ಬದುಕಿದ್ದರೆ ಮೊದಲ ದಿನವೇ ಅವರನ್ನು ಕೇಳಬೇಕು. ಯಂತ್ರವನ್ನು ಹನ್ನೆರಡು ವರ್ಷ ಬಳಸಿದವರಿಗೆ ಅದರ ಬಗ್ಗೆ ಗೊತ್ತಿರುವುದು ಯಾವ ಪಟ್ಟಿಯಲ್ಲೂ ಇರುವುದಿಲ್ಲ, ಕೆಲವು ಸಲ ಅವರ ನೆನಪಿನಲ್ಲೂ ಇರುವುದಿಲ್ಲ. ನನ್ನ ಕೆಲಸ ನನಗೆ ಕಲಿಸಿದ್ದು ಇದನ್ನು. ಮುರುಗೇಶನ್ ಅವರ ಸಹಾಯದಿಂದ ನಾನು ಅದೇ ವರ್ಷ ತಮಿಳು ಓದಲು ಕಲಿತೆ.

ನಂಜಪ್ಪನವರೊಂದಿಗೆ ಕೊನೆಯ ಸಲ ಮಾತಾಡಿದ್ದು 2025ರ ನವೆಂಬರ್ ಮೊದಲ ವಾರ. ಕ್ಯಾಮೆರಾ ಅದೇ ಕಂಪ್ಯೂಟರಿನಲ್ಲಿ ನಡೆಯುತ್ತಿದೆ. ಸೌಡಕ್ಕ ಅಲ್ಲಿಯವರೆಗೆ ಮೂವತ್ತೊಂದು ಅಂಚುಗಳನ್ನು ಓದಿ ಮುಗಿಸಿದ್ದರು. ಮೂವತ್ತೆರಡನೆಯದು ಜೋಡಿ ನವಿಲಿನ ಅಂಚು. ಆ ದಿನ ಅದರ ಹದಿನೇಳನೆಯ ಸಾಲು ನಡೆಯುತ್ತಿತ್ತು.